ಹದಿನಾಲ್ಕನೆಯ ಮೆಟ್ಟಿಲು

ಕೆಂಪಂಗಿ ತೊಟ್ಟು ಆ ಅಂಗಡಿಗೆ ಹೋದವರು ಯಾರೂ ಕೆಂಪಂಗಿಯಲ್ಲೇ ಒಳಗೆ ನಿಂತ ನಿದರ್ಶನ ನಮ್ಮ ಬೀದಿಯ ಚರಿತ್ರೆಯಲ್ಲಿ ಇಲ್ಲ. ಹೊಸ್ತಿಲು ದಾಟುತ್ತಿದ್ದಂತೆ, ಕುಶಲಪ್ರಶ್ನೆಗೂ ಮೊದಲು, ಬೂದು ಬಣ್ಣದ ಒಂದು ಕೋಟು ಎದುರಿಗೆ ಬರುತ್ತಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು, ತಾನೂ ಅಂಥದೇ ಕೋಟಿನೊಳಗೆ ಸೇರಿಕೊಂಡು, ಅರೆಮುಚ್ಚಿದ ಕಣ್ಣಿನ ನೀಳ ಆಕೃತಿಯೊಂದು ನಿಂತಿರುತ್ತಿತ್ತು. "ತಪ್ಪು ತಿಳ್ಕೋಬೇಡಿ, ನಿಮ್ಮ ಅಂಗಿ ಕಾಗದದ ಮೇಲೆ ಬೀಳ್ತಾ ಇದೆ," ಎನ್ನುತ್ತಿದ್ದರು ಅಂಗಡಿಯ ಯಜಮಾನರು. ಮೊದಲ ಸಲ ಬಂದವರು, ಅಂಗಿ ಮೈಮೇಲೇ ಇದೆಯಲ್ಲ ಎಂದು ಒಮ್ಮೆ ತಡವಿ ನೋಡಿಕೊಂಡು, ಏನೂ ತಿಳಿಯದೆ ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದರು. ಎರಡನೆಯ ಸಲ ಬರುವವರು ಮನೆಯಿಂದಲೇ ಬೂದು ತೊಟ್ಟು ಬರುತ್ತಿದ್ದರು.

ಕಪ್ಪು-ಬಿಳುಪು ಛಾಯಾಚಿತ್ರಗಳನ್ನು ಪ್ರಿಂಟು ಹಾಕಿ ಕೊಡುವುದು ಅವರ ಕಸುಬು. ಯೌವನವೆಲ್ಲ ಕತ್ತಲಕೋಣೆಯಲ್ಲಿ, ರಾಸಾಯನಿಕದ ತಟ್ಟೆಗಳ ನಡುವೆ ಕಳೆದಿತ್ತು; ಫಿಲ್ಮಿನ ಕಾಲ ಮುಗಿದು ಡಿಜಿಟಲ್ ಕಾಲ ಬಂದಾಗ, ಅವರ ವಾರಿಗೆಯವರೆಲ್ಲ ಎದೆ ಬಡಿದುಕೊಳ್ಳುತ್ತಿರಲು, ಇವರು ಹೆಚ್ಚು ಗೊಣಗದೆ ಕಂಪ್ಯೂಟರೊಂದರ ಮತ್ತು ಅಗಲ ಬಾಯಿಯ ಪ್ರಿಂಟರೊಂದರ ಎದುರಿಗೆ ಕುರ್ಚಿ ಎಳೆದುಕೊಂಡಿದ್ದರು. ಆ ಪ್ರಿಂಟರಿನಿಂದ ಬಣ್ಣದ ಇಂಕಿನ ಎಂಟು ಡಬ್ಬಿಗಳನ್ನೂ ಕಿತ್ತು, ಕಡುಗಪ್ಪಿನಿಂದ ತೆಳುಹೊಗೆಯವರೆಗಿನ ಎಂಟು ಬಗೆಯ ಬೂದನ್ನು ತುಂಬಿದ್ದರು. ಗೋಡೆ ಬೂದು, ಚಾವಣಿ ಬೂದು, ಮೇಜಿನ ಹಾಸು ಬೂದು. ಹತ್ತಿರದಲ್ಲಿ ಯಾವ ಬಣ್ಣವಿದ್ದರೂ ಅದು ಬಿಳಿಯ ಕಾಗದದ ಮೇಲೆ ತನ್ನ ಛಾಯೆ ಚೆಲ್ಲಿ ಕಣ್ಣನ್ನು ವಂಚಿಸುತ್ತದೆಂಬುದು ಅವರ ಜೀವಮಾನದ ಅನುಭವ. ಬೀದಿಯವರು ಅವರಿಗೆ ಬೂದುಕೋಟು ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಹೆಸರಿನ ಬಗ್ಗೆ ತಕರಾರಿರಲಿಲ್ಲ, ಅದರ ಸಡಿಲತನದ ಬಗ್ಗೆ ಮಾತ್ರ ಇತ್ತು. "ಬೂದು ಅಂದ್ರೆ ಯಾವ ಬೂದು? ಇದು ಒಂಬತ್ತನೇದು," ಎಂದು ಕೋಟಿನ ಅಂಚು ಹಿಡಿದು ತೋರಿಸುತ್ತಿದ್ದರು.

ಒಂಬತ್ತನೆಯದೆಂದರೆ ಒಂಬತ್ತನೆಯ ಮೆಟ್ಟಿಲು. ಅವರ ಎದೆಯ ಜೇಬಿನಲ್ಲಿ ಸದಾ ಒಂದು ಕಾಗದದ ಪಟ್ಟಿ ಇರುತ್ತಿತ್ತು: ಎರಡು ಬೆರಳು ಅಗಲ, ಒಂದು ಗೇಣು ಉದ್ದ, ಅದರ ಮೇಲೆ ಇಪ್ಪತ್ತೊಂದು ಚೌಕ. ಮೊದಲನೆಯದು ಬರಿಯ ಕಾಗದದ ಬಿಳುಪು, ಇಪ್ಪತ್ತೊಂದನೆಯದು ಇಂಕು ಕೊಡಬಲ್ಲ ಕಡೆಯ ಕಪ್ಪು, ನಡುವೆ ಹತ್ತೊಂಬತ್ತು ಬೂದುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದವು. ಪ್ರತಿ ಬೆಳಗ್ಗೆ ಯಂತ್ರದಿಂದ ಇಂಥ ಒಂದು ಪಟ್ಟಿಯನ್ನು ತೆಗೆಸುತ್ತಿದ್ದರು. ಇಪ್ಪತ್ತೊಂದನ್ನೂ ಕಣ್ಣು ಬೇರೆಬೇರೆಯಾಗಿ ಎಣಿಸಿದರೆ ಯಂತ್ರ ನೆಟ್ಟಗಿದೆ. ಎರಡನೆಯದು ಮೂರನೆಯದರಲ್ಲಿ ಕರಗಿದರೆ, ಅಥವಾ ಹತ್ತೊಂಬತ್ತನೆಯದು ಇಪ್ಪತ್ತನೆಯದರಲ್ಲಿ ಮುಳುಗಿದರೆ, ಅಂದು ಅಂಗಡಿಯಲ್ಲಿ ಬೇರೆ ಕೆಲಸವಿಲ್ಲ. ಕ್ರಮೇಣ ಪ್ರಪಂಚವೇ ಅವರ ಪಾಲಿಗೆ ಆ ಪಟ್ಟಿಯ ಮೇಲೆ ಕುಳಿತುಬಿಟ್ಟಿತ್ತು. ಮೋಡ ಹನ್ನೆರಡಕ್ಕೆ ಇಳಿಯಿತೆಂದರೆ ಕೊಡೆ ಹುಡುಕುತ್ತಿದ್ದರು. ಎದುರಿನ ಅಂಗಡಿಯ ಚಹಾ ಹನ್ನೊಂದಾಗಿದ್ದರೆ ಹದಿಮೂರು ಮಾಡಿಕೊಡೆಂದು ವಾಪಸು ಕಳಿಸುತ್ತಿದ್ದರು. ನಡೆಯುವಾಗಲೂ ಅಷ್ಟೇ, ಬಿಸಿಲಿನಿಂದ ನೆರಳಿಗೆ ಕಾಲಿಡುವ ಮುನ್ನ ಕಣ್ಣು ಹೊಂದಿಕೊಳ್ಳುವವರೆಗೆ ನಿಂತೇ ನಿಲ್ಲುತ್ತಿದ್ದರು. ಹಿಂದೆ ಬರುತ್ತಿದ್ದವರು ಅವರ ಬೆನ್ನಿಗೆ ಡಿಕ್ಕಿ ಹೊಡೆದು ಬೈದುಕೊಳ್ಳುವುದು ನಮ್ಮ ಬೀದಿಯ ದಿನನಿತ್ಯದ ನೋಟವಾಗಿತ್ತು.

ಅವರ ಬಾಯಲ್ಲಿ ಒಂದು ಮಾತು ನೆಲೆನಿಂತಿತ್ತು: "ಒಣಗಲಿ." ಯಂತ್ರದಿಂದ ಆಗತಾನೆ ಹೊರಬಂದ ಪ್ರಿಂಟನ್ನು ನೋಡಿ ತೀರ್ಪು ಕೊಡುವುದು ಅವರ ಶಾಸ್ತ್ರದಲ್ಲಿ ಮಹಾಪರಾಧ, ಹಸಿ ಇಂಕಿನ ಕಪ್ಪು ಒಂದು, ಆರಿದ ಇಂಕಿನ ಕಪ್ಪು ಇನ್ನೊಂದು. ಒಂದು ಹಗಲು ಒಂದು ರಾತ್ರಿ ಕಳೆದು, ಮರುದಿನ ಹತ್ತು ಗಂಟೆಗೆ, ಉತ್ತರದ ಕಿಟಕಿಯ ಸಮಬೆಳಕಿನಲ್ಲಿ, ಬೂದು ಮೇಜಿನ ಮೇಲೆ ಇಟ್ಟ ಮೇಲೆಯೇ ಕಣ್ಣು ಪೂರ್ತಿ ತೆರೆಯುತ್ತಿತ್ತು. ಈ ಪಥ್ಯವನ್ನು ಅವರು ಬದುಕಿನ ಉಳಿದ ವಿಷಯಗಳಿಗೂ ವಿಸ್ತರಿಸಿದ್ದರು. ಬಾಡಿಗೆಮನೆಯ ಜಗಳವಿರಲಿ, ಬೀದಿಯ ದೀಪಕ್ಕೆ ಅರ್ಜಿ ಹಾಕುವ ವಿಚಾರವಿರಲಿ, "ಒಣಗಲಿ, ನಾಳೆ ಹೇಳ್ತೀನಿ." ಅವರ ಒಬ್ಬಳೇ ಮಗಳಿಗೆ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಕೆಲಸ ಸಿಕ್ಕಿದ ದಿನ, ಅವಳು ಪತ್ರ ಹಿಡಿದು ಓಡಿಬಂದರೆ, ಇವರು ಎರಡು ಸಲ ಓದಿ ಅದೇ ಮಾತು ಹೇಳಿದ್ದರು. "ಬಸ್ಸು ಒಣಗಲಿ ಅಂತ ಕಾಯಲ್ಲ ಅಪ್ಪಾ," ಎಂದಿದ್ದಳು ಮಗಳು.

ಗಿರಾಕಿಗಳ ಜೊತೆ ಅವರದು ಮೃದುವಾದ, ಆದರೆ ಜಗ್ಗದ ಧೋರಣೆ. ಮದುವೆಗಳಿಗೆ ಫೋಟೋ ತೆಗೆಯುವ, ಏಳು ಕೆರೆಯ ನೀರು ಕುಡಿದ ಆಸಾಮಿಯೊಬ್ಬ ಒಮ್ಮೆ ತನ್ನ ಲ್ಯಾಪ್‌ಟಾಪನ್ನೇ ಹೊತ್ತು ತಂದು, ಪರದೆಯ ಮೇಲೆ ಹೊಳೆಯುವ ಚಿತ್ರ ನಿಮ್ಮ ಕಾಗದದ ಮೇಲೆ ಮಂಕಾಗಿದೆ ಎಂದು ಜಗಳಕ್ಕೆ ನಿಂತ. ಬೂದುಕೋಟಿನವರು ವಾದಿಸಲಿಲ್ಲ. ಕೈಚಾಚಿ ಅವನ ಪರದೆಯ ಬೆಳಕನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರು. ಈಗ ಎರಡೂ ಒಂದೇ ಆಗಿ ಕಂಡವು. "ಪರದೆ ತಾನೇ ಉರಿಯುತ್ತೆ ಸ್ವಾಮಿ. ಕಾಗದ ಪಾಪ, ಬೇರೆಯವರ ಬೆಳಕಲ್ಲಿ ಬಾಳ್ಬೇಕು," ಎಂದರು. ಆಸಾಮಿ ತಲೆ ಕೆರೆದುಕೊಂಡು, ಆ ವಾಕ್ಯವನ್ನು ತನ್ನದೇ ಎಂಬಂತೆ ಊರೆಲ್ಲ ಹೇಳಿಕೊಂಡು ತಿರುಗಿದ.

ಈ ಕಾರಣದಿಂದಲೇ ಅವರು ಪ್ರತಿಯೊಬ್ಬ ಗಿರಾಕಿಗೂ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: "ಇದನ್ನ ಎಲ್ಲಿ ಹಾಕ್ತೀರಿ?" ಅನೇಕರಿಗೆ ಇದು ಅಧಿಕಪ್ರಸಂಗವಾಗಿ ತೋರುತ್ತಿತ್ತು. ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ತಾಯಿಯ ಭಾವಚಿತ್ರವನ್ನು ಮಹಡಿಮೆಟ್ಟಿಲ ತಿರುವಿನಲ್ಲಿ ಹಾಕುವುದಾಗಿ ಹೇಳಿದಾಗ ಇವರು ಸಮಾಧಾನಪಡದೆ, ಸಂಜೆ ಅವರ ಮನೆಗೇ ಹೋಗಿ, ಆ ತಿರುವಿನಲ್ಲಿ ಕಾಲು ಗಂಟೆ ನಿಂತು ಬಂದರು. ಅಲ್ಲಿಗೆ ಬೆಳಕು ಬರುವುದು ಕೆಳಗಿನ ಒಂದು ಸಣ್ಣ ದೀಪದಿಂದ ಮಾತ್ರ. ಮಬ್ಬಿನಲ್ಲಿ ಚಿತ್ರದ ಕಪ್ಪುಭಾಗಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮುಖವನ್ನು ನುಂಗಿಬಿಡುತ್ತವೆ. ಹಾಗಾಗಿ ಆ ಪ್ರಿಂಟನ್ನು ಒಂದು ಮೆಟ್ಟಿಲು ತೆಳುವಾಗಿ ತೆಗೆದರು. ಅಂಗಡಿಯ ಕಿಟಕಿಯಲ್ಲಿ ಅದು ಸಪ್ಪೆಯಾಗಿ ಕಂಡು ಶಿಕ್ಷಕಿಯ ಮುಖ ಬಾಡಿತ್ತು. ಮೆಟ್ಟಿಲ ತಿರುವಿನಲ್ಲಿ ತಾಯಿ ನೆಟ್ಟಗೆ ಬಂದು ನಿಂತಿದ್ದರು. ಆಕೆ ಮಾರನೆಯ ದಿನ ಬಂದು, ಅವರ ಕೈಯನ್ನು ಒಮ್ಮೆ ಒತ್ತಿ ಹಿಡಿದು ಹೋದರು.

ತೆಳು ಮಾಡುವುದೆಂದರೆ ಅವರಿಗೆ ಸಸಾರದ ಮಾತಲ್ಲ ಎಂಬುದನ್ನೂ ಹೇಳಬೇಕು. ಬಟ್ಟೆ ಅಂಗಡಿಯ ಮಾಲೀಕನೊಬ್ಬ ತೀರಿಹೋದ ತಂದೆಯ ಚಿತ್ರ ತಂದು, "ಸ್ವಲ್ಪ ಬೆಳ್ಳಗೆ ಮಾಡ್ಕೊಡಿ, ನೋಡೋಕೆ ಲಕ್ಷಣವಾಗಿರ್ಲಿ," ಎಂದಾಗ ಬೂದುಕೋಟಿನವರು ಆ ಮುಖವನ್ನು ಬಹಳ ಹೊತ್ತು ನೋಡಿ, "ನಿಮ್ಮ ತಂದೆಯವರನ್ನ ಮಾಡ್ಕೊಡ್ತೀನಿ. ಬೇರೆಯವರ ತಂದೆ ಬೇಕಿದ್ರೆ ಬೇರೆ ಅಂಗಡಿಗೆ ಹೋಗ್ಬೇಕಾಗುತ್ತೆ," ಎಂದಿದ್ದರು. ಮಾಲೀಕ ಸಿಟ್ಟಿನಿಂದ ಹೋಗಿ, ಒಂದು ವಾರ ಬಿಟ್ಟು ಮರಳಿ ಬಂದ. ಬೆಳಕಿಗಾಗಿ ತೆಳು ಮಾಡುವುದು ಬೇರೆ, ಮುಖಸ್ತುತಿಗಾಗಿ ತೆಳು ಮಾಡುವುದು ಬೇರೆ. ಮೊದಲನೆಯದು ವಿದ್ಯೆ, ಎರಡನೆಯದು ಸುಳ್ಳು. ಈ ಎರಡರ ನಡುವಿನ ಗೆರೆ ತಮಗೆ ಕೈರೇಖೆಯಷ್ಟೇ ಪರಿಚಿತವೆಂದು ಅವರು ನಂಬಿದ್ದರು. ಅದು ಅಷ್ಟು ಪರಿಚಿತವಲ್ಲವೆಂದು ತಿಳಿದದ್ದು ಅವರ ಹೆಂಡತಿಯ ಚಿತ್ರದಿಂದ.

ಆಕೆ ಎರಡು ಬೀದಿ ಆಚೆಯ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದಲ್ಲಿದ್ದವರು. ಗಟ್ಟಿ ಮೈಕಟ್ಟು, ಕಪ್ಪು ಬಣ್ಣ, ಮಾತಿಗೆ ಮಾತು ಕೊಡುವ ನಾಲಿಗೆ. ಊರು ಏಳುವ ಮುಂಚೆ ಬ್ರೆಡ್ಡು ಒಲೆಯಿಂದ ಇಳಿಯಬೇಕಾದ್ದರಿಂದ ಆಕೆ ಮನೆ ಬಿಡುವಾಗ ಬೆಳಕು ಹರಿದಿರುತ್ತಿರಲಿಲ್ಲ. ಮರಳಿದಾಗ ದೀಪ ಹಚ್ಚುವ ಹೊತ್ತಾಗಿರುತ್ತಿತ್ತು. ಮನೆಯ ಮುಂಗೋಣೆಯೇ ಅಂಗಡಿ, ಹಿಂದೆ ಅಡುಗೆಮನೆ. ಗಂಡ ಹೆಂಡತಿ ಮಗಳು ಮೂವರೂ ಒಟ್ಟಿಗೆ ಸೇರುತ್ತಿದ್ದುದು ಸಂಜೆ ಅಲ್ಲಿಯೇ. ಬೇಕರಿಯ ಬಿಳಿದೀಪಗಳಿಗೆ ಹಗಲೆಲ್ಲ ಕಣ್ಣೊಡ್ಡಿ ಬೇಸತ್ತ ಆಕೆ ಅಡುಗೆಮನೆಯಲ್ಲಿ ಒಂದೇ ಒಂದು ಹಳದಿ ಬಲ್ಬು ಇಟ್ಟುಕೊಂಡಿದ್ದರು. ಅದನ್ನು ಬದಲಾಯಿಸೋಣವೆಂದು ಗಂಡ ಬಾಯಿ ತೆಗೆದಾಗಲೆಲ್ಲ, "ಮುಂದುಗಡೆ ನಿಮ್ಮ ರಾಜ್ಯ, ಇದು ನಂದು," ಎನ್ನುತ್ತಿದ್ದರು. ಗಂಡನ ರಾಜ್ಯದಿಂದಲೂ ಒಂದು ಕಾನೂನು ಹೊರಟಿತ್ತು: ಆವಿ, ಜಿಡ್ಡು ಇರುವ ಅಡುಗೆಮನೆಗೆ ಯಾವ ಪ್ರಿಂಟೂ ಕಾಲಿಡಕೂಡದು. ಎರಡು ಕಡೆಯವರೂ ಗಡಿಯನ್ನು ಗೌರವಿಸಿಕೊಂಡು ಸುಖವಾಗಿದ್ದರು.

ಒಂದು ಸಂಜೆ ಆಕೆ ಕೈತೊಳೆಯುತ್ತ, "ರೀ, ಎಲ್ಲದಕ್ಕೂ ನಂಬರ್ ಕೊಡ್ತೀರಲ್ಲ, ನಾನೆಷ್ಟನೇ ಮೆಟ್ಟಿಲು?" ಎಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇವರು ಜೇಬಿನಿಂದ ಪಟ್ಟಿ ತೆಗೆದು, ಹೆಂಡತಿಯ ಕೆನ್ನೆಗೆ ಹಿಡಿದು, ಕಣ್ಣು ಕಿರಿದು ಮಾಡಿ, ಅಳೆದು ತೂಗಿ, "ಹದಿನಾಲ್ಕು. ಬೇಸಿಗೇಲಿ ಹದಿನೈದು," ಎಂದರು. ಆಕೆ ಇದನ್ನು ಇಡೀ ಬೇಕರಿಗೆ ಹೇಳಿ ನಗಿಸಿದರಂತೆ: "ಬೇರೆ ಗಂಡಂದಿರು ಚಂದ್ರ ಅಂತಾರೆ, ತಾರೆ ಅಂತಾರೆ. ನಮ್ಮೋರು ಬಸ್ಸಿಗೆ ಕೊಟ್ಟ ಹಾಗೆ ನಂಬರ್ ಕೊಟ್ರು." ಅಂದಿನಿಂದ ಮನೆಯಲ್ಲಿ ಹದಿನಾಲ್ಕು ಎಂದರೆ ಆಕೆ.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ ಆ ಛಾಯಾಚಿತ್ರದ ಮನೆಯಲ್ಲಿ ಆಕೆಯ ಚಿತ್ರವೆಂದು ಇದ್ದದ್ದು ಒಂದೇ ಒಂದು. ಕ್ಯಾಮೆರಾ ಕಂಡರೆ ಆಕೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು. ಹೊಸದಾಗಿ ಕೊಂಡ ಸಣ್ಣ ಡಿಜಿಟಲ್ ಕ್ಯಾಮೆರಾವನ್ನು ಪರೀಕ್ಷಿಸುವ ನೆಪದಲ್ಲಿ ಗಂಡ ಒಂದು ಮಧ್ಯಾಹ್ನ ಬೇಕರಿಯ ಹಿಂಬಾಗಿಲಿಗೆ ಹೋಗಿ ಹಿಡಿದುಬಿಟ್ಟರು: ಬಿಳಿಯ ಏಪ್ರನ್ನು, ಮೊಣಕೈವರೆಗೆ ಹಿಟ್ಟು, ಬೆನ್ನ ಹಿಂದೆ ಉಗ್ರಾಣದ ಕತ್ತಲು, ನಡುವೆ ನಗುವಿಗೂ ಗದರಿಕೆಗೂ ಮಧ್ಯೆ ನಿಂತ ಆ ಕಪ್ಪು ಮುಖ. "ಬೇಗ ತೆಗೀರಿ, ಹಿಟ್ಟು ಉಬ್ಬುತ್ತೆ. ಆಮೇಲೆ ಅಂಗಡೀಲಿ ಕೂತ್ಕೊಂಡು ನನ್ನ ಬೆಳ್ಳಗೆ ಗಿಳ್ಳಗೆ ಮಾಡಿದ್ರೆ ನೋಡಿ," ಎಂದು ಎಚ್ಚರಿಸಿದ್ದರು. ಎರಡು ವರ್ಷದ ಮೇಲೆ, ಮೂರು ದಿನದ ಜ್ವರದಲ್ಲಿ ಆಕೆ ತೀರಿಕೊಂಡರು. ಮಗಳಿಗೆ ಆಗ ಹತ್ತೊಂಬತ್ತು.

ಆ ಒಂದು ಚಿತ್ರವನ್ನು ಸರಿಯಾಗಿ ಪ್ರಿಂಟು ಮಾಡಿಕೊಡಬೇಕೆಂಬುದೇ ಮಗಳು ತಂದೆಯ ಮುಂದಿಟ್ಟ ಒಂದೇ ಬೇಡಿಕೆ. ಏಳು ವರ್ಷವಾದರೂ ಅದು ಆಗಲಿಲ್ಲ. ತಿಳಿಯದವರು ಬಣ್ಣದ ಫೋಟೋದಿಂದ ಬಣ್ಣವನ್ನು ತೆಗೆದರೆ ಕಪ್ಪು-ಬಿಳುಪು ಉಳಿಯುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ, ಕೆಂಪಿನಿಂದ ಎಷ್ಟು, ಹಸಿರಿನಿಂದ ಎಷ್ಟು, ನೀಲಿಯಿಂದ ಎಷ್ಟು ಎಂದು ಯಾರಾದರೂ ಕೂತು ತೀರ್ಮಾನಿಸಬೇಕು. ಕೆಂಪಿಗೆ ಹೆಚ್ಚು ಮಾನ್ಯತೆ ಕೊಟ್ಟರೆ ಚರ್ಮ ಬೆಳಗುತ್ತದೆ, ನೀಲಿಗೆ ಕೊಟ್ಟರೆ ಇದ್ದಿಲಾಗುತ್ತದೆ, ಯಾವುದು ನಿಜವೆಂದು ಯಂತ್ರ ಹೇಳುವುದಿಲ್ಲ. ಆ ಚಿತ್ರದಲ್ಲಿ ಏಪ್ರನ್ನಿನ ಮಡಿಕೆ ಉಳಿಸಿದರೆ ಮುಖ ಉಗ್ರಾಣದ ಕತ್ತಲಿಗೆ ಜಾರುತ್ತಿತ್ತು. ಮುಖವನ್ನು ಎತ್ತಿದರೆ ತೋಳಿನ ಹಿಟ್ಟು ಕಾಗದದ ಬಿಳುಪಿನಲ್ಲಿ ಕಾಣೆಯಾಗುತ್ತಿತ್ತು. ಪ್ರತಿಯೊಂದನ್ನೂ ಒಣಗಿಸಿ, ಮರುದಿನ ಹತ್ತು ಗಂಟೆಗೆ ಕಿಟಕಿಯಲ್ಲಿ ನೋಡಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಖು ಸಹಿತ ತೀರ್ಪು ಬರೆದು ಡ್ರಾಯರಿಗೆ ಹಾಕುತ್ತಿದ್ದರು. "ಮುಖ ಮುಳುಗಿದೆ." "ಮುಖ ಬಂತು, ಹಿಟ್ಟು ಹೋಯಿತು." "ಇವಳಲ್ಲ." ಹೀಗೆ ಅರವತ್ತೊಂದು ಸೇರಿದ್ದವು.

"ಅಪ್ಪಾ, ಅಮ್ಮನ ಫೋಟೋ ಏನಾಯ್ತು?" ಎಂದು ಮಗಳು ಒಂದು ಬೆಳಗ್ಗೆ ಡಿಪೋಗೆ ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು.

"ಒಣಗ್ತಾ ಇದೆ."

"ಏಳು ವರ್ಷದಿಂದ?" ಅವಳು ಚೀಲವನ್ನು ಕೆಳಗಿಟ್ಟಳು. "ನಂಗೆ ಅಮ್ಮನ ಮುಖ ಮರೀತಾ ಬರ್ತಿದೆ ಅಪ್ಪಾ. ಧ್ವನಿ ಇದೆ, ಕೈ ಇದೆ. ಮುಖ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಫೋನಲ್ಲಿ ಹೊಳೆಯೋದು ಬರುತ್ತೆ, ಅಮ್ಮ ಬರಲ್ಲ. ಸರಿಯಾಗಿರೋದು ಬೇಡ, ಒಂದು ಕೊಡು ಸಾಕು."

ಸರಿಯಿಲ್ಲದ ಒಂದನ್ನು ಕೊಡುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಮಗಳು ಹೋದ ಮೇಲೆ ಕಿಟಕಿಯ ಬಳಿ ಕುಳಿತರು. ಆಗ ಅವರನ್ನು ಹಿಡಿದದ್ದು ಹೆದರಿಕೆ. ಮಗಳು ಹೇಳಿದ್ದು ತಮಗೂ ಆಗುತ್ತಿದೆ ಎಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮೊದಮೊದಲು ಮನಸ್ಸಿನ ಮುಖಕ್ಕೆ ಕಾಗದದ ಮುಖವನ್ನು ಹೋಲಿಸುತ್ತಿದ್ದರು. ಈಚೆಗೆ ಕಣ್ಣು ಮುಚ್ಚಿದರೆ ಬರುತ್ತಿದ್ದುದು ಐವತ್ತೆಂಟನೆಯ ಪ್ರಿಂಟೋ ಅರವತ್ತನೆಯದೋ. ಹೆಂಡತಿಯನ್ನು ಉಳಿಸಿಕೊಳ್ಳಲು ಹೋಗಿ ದಿನದಿನಕ್ಕೂ ಉಜ್ಜಿ ಅಳಿಸುತ್ತಿದ್ದೇನೆಯೇ ಎಂಬ ಅನುಮಾನ ಅವರ ಎದೆಯಲ್ಲಿ ಕೂತಿತ್ತು. ಉಳಿದಿದ್ದ ಆಧಾರ ಹದಿನಾಲ್ಕೆಂಬ ಒಂದು ಅಂಕಿ. ಅದನ್ನೇ ಗಟ್ಟಿಯಾಗಿ ಹಿಡಿದು ಆ ದಿನ ಇನ್ನೂ ಎರಡು ಪ್ರಿಂಟು ತೆಗೆದರು, ಅರವತ್ತಮೂರಾಯಿತು.

ಮುಂದಿನ ಭಾನುವಾರ ಮಧ್ಯಾಹ್ನ ದಂತವೈದ್ಯರೊಬ್ಬರು, ರೋಗಿಗಳು ಕಾಯುವ ಕೋಣೆಗೆ ಒಂದು ದೊಡ್ಡ ಪ್ರಿಂಟು ಬೇಕೆಂದಿದ್ದರಿಂದ, ಬೂದುಕೋಟಿನವರು ಎಂದಿನಂತೆ ಆ ಗೋಡೆಯನ್ನು ನೋಡಿಬರಲು ಹೋದರು. ಮನೆಯಲ್ಲಿ ಮಗಳೊಬ್ಬಳೇ. ಅವಳು ಡ್ರಾಯರು ತೆರೆದು ಅರವತ್ತಮೂರನ್ನೂ ಎತ್ತಿಕೊಂಡಳು. ಕಿಟಕಿಯ ಮೇಜಿನ ಮೇಲೆ ದಂತವೈದ್ಯರ ಕೆಲಸ ಹರಡಿತ್ತು, ಅದನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ, ಮನೆಯ ಕಾನೂನು ಹುಟ್ಟಿದ ಮೇಲೆ ಮೊದಲ ಬಾರಿಗೆ, ಪ್ರಿಂಟುಗಳು ಅಡುಗೆಮನೆಯ ಹೊಸ್ತಿಲು ದಾಟಿದವು. ಒಂದೊಂದಾಗಿ ನೆಲದ ಮೇಲೆ ಹರಡುವಷ್ಟರಲ್ಲಿ ಸಂಜೆಯಾಗಿ, ಅವಳು ಬಲ್ಬು ಹಾಕಿದಳು. ಹಾಕಿ ತಿರುಗಿದವಳು ಅಲ್ಲೇ ನಿಂತಳು. ಬಳಿಕ ಒಂದನ್ನು ಎತ್ತಿಕೊಂಡು, ಮೊಳೆಯೊಂದನ್ನು ಹುಡುಕಿ, ಸುತ್ತಿಗೆ ಸಿಕ್ಕದೆ ಅಮ್ಮನ ಲಟ್ಟಣಿಗೆಯಿಂದಲೇ ಗೋಡೆಗೆ ಹೊಡೆದಳು.

ಬೂದುಕೋಟಿನವರು ಮರಳಿದಾಗ ಅವಳು ಚಹಾಕ್ಕೆ ನೀರಿಟ್ಟಿದ್ದಳು. ಬಾಯಾರಿ ಬಂದವರು ನೇರ ಅಡುಗೆಮನೆಗೆ ನಡೆದು, ಅಭ್ಯಾಸದಂತೆ ಹೊಸ್ತಿಲಲ್ಲಿ ಕಣ್ಣು ಹೊಂದಿಕೊಳ್ಳಲೆಂದು ನಿಂತರು. ಆಮೇಲೆ, ಬಹಳ ವರ್ಷ ಸಂಜೆ ಹೆಂಡತಿಯನ್ನು ಕೇಳುತ್ತಿದ್ದ ಮಾತು ತಾನಾಗಿ ಬಾಯಿಂದ ಬಂತು.

"ಇವತ್ತು ಬೇಗ ಬಂದ್ಯಾ?"

"ಭಾನುವಾರ ಅಲ್ವಾ ಅಪ್ಪಾ, ಹೋಗೇ ಇಲ್ಲ," ಎನ್ನುತ್ತ ತಿರುಗಿದ ಮಗಳು, ತಂದೆ ತನ್ನನ್ನು ನೋಡುತ್ತಿಲ್ಲವೆಂದು ಕಂಡು ಪಕ್ಕಕ್ಕೆ ಸರಿದಳು.

ಅವರು ನೋಡುತ್ತಿದ್ದುದು ಗೋಡೆಯನ್ನು. ಹಳದಿ ಬಲ್ಬಿನ ಮಂದ ಬೆಳಕಿನಲ್ಲಿ ಉಗ್ರಾಣದ ಕತ್ತಲು ತನ್ನ ಜಾಗಕ್ಕೆ ಹಿಂದೆ ಸರಿದಿತ್ತು. ಏಪ್ರನ್ನಿನ ಬಿಳುಪು ತಣ್ಣಗಾಗಿ ಬಟ್ಟೆಯಾಗಿತ್ತು. ತೋಳಿನ ಮೇಲೆ ಹಿಟ್ಟು ಹಿಟ್ಟಾಗಿ ಕೂತಿತ್ತು. ಇವುಗಳ ಮುಂದೆ, ಕೆಲಸ ಮುಗಿಸಿ ಈಗತಾನೆ ಒಳಬಂದು ಗಂಡನನ್ನು ಗದರಿಸಲು ಬಾಯಿ ತೆರೆಯಲಿದ್ದ ಹೆಂಗಸು ನಿಂತಿದ್ದಳು. ಅವರ ಕಣ್ಣು ತುಂಬಿತು. ಕೈ ಎದೆಯ ಜೇಬಿಗೆ ಹೋಗಿ, ಪಟ್ಟಿಯನ್ನು ಮುಟ್ಟಿ, ತೆಗೆಯದೆ ಹಾಗೇ ಇಳಿಯಿತು.

"ಎಷ್ಟನೇದಿದು?" ಎಂದರು.

"ನಲವತ್ತಮೂರು. ಹಿಂದುಗಡೆ ಬರ್ದಿದ್ದೀಯ: ಒಂದು ಮೆಟ್ಟಿಲು ತೆಳು, ಹದಿಮೂರು, ಸುಳ್ಳು."

"ತಾರೀಖು?"

ಮಗಳು ಹೇಳಿದಳು. ಐದು ವರ್ಷವಾಗಿತ್ತು.

"ಊರಿನವರನ್ನೆಲ್ಲ ಎಲ್ಲಿ ಹಾಕ್ತೀರಿ ಅಂತ ಕೇಳ್ತೀಯ, ಅವರ ಗೋಡೆ ನೋಡೋಕೆ ಹೋಗ್ತೀಯ," ಎಂದಳು ಮಗಳು, ದೂರುವ ದನಿಯಲ್ಲೇನೂ ಅಲ್ಲ. "ನನ್ನ ಒಂದ್ಸಲ ಕೇಳಿದ್ಯಾ ಅಪ್ಪಾ? ಅಡುಗೆಮನೇಲಿ ಅಂತ ಹೇಳ್ತಿದ್ದೆ."

"ಕೇಳ್ಲಿಲ್ಲ," ಎಂದರು ಅವರು. ನಿಂತಲ್ಲಿಂದ ಕಣ್ಣು ತೆಗೆಯದೆ ಮಣೆಯೊಂದನ್ನು ಕಾಲಿನಿಂದ ಎಳೆದು ಕುಳಿತರು. "ಇವಳೇ ಕಣೇ. ಐದು ವರ್ಷ ಇವಳನ್ನ ಡ್ರಾಯರಲ್ಲಿ ಇಟ್ಟಿದ್ದೆ, ನಿಂಗೂ ಕೊಡ್ಲಿಲ್ಲ."

ಒಲೆಯ ಮೇಲೆ ನೀರು ಕುದಿಯಿತು. ಅವರು ಒಣಗಲಿ ಎನ್ನಲಿಲ್ಲ. ಗೋಡೆಯತ್ತ ಏರುತ್ತಿದ್ದ ಹಬೆಯನ್ನು ನೋಡಿ, "ಆವಿ ತಾಗುತ್ತೆ. ಗಾಜು ಹಾಕ್ಬೇಕು," ಎಂದರು.

ಗಾಜು ಹಾಕಿದರು. ಆ ಪ್ರಿಂಟನ್ನು ಹಗಲು ಬೆಳಕಿಗೆ ಒಯ್ದು ನೋಡುವ ಗೋಜಿಗೆ ಮಾತ್ರ ಮತ್ತೆ ಹೋಗಲಿಲ್ಲ. ಅದನ್ನು ಈಗಲೂ ಪಟ್ಟಿಗೆ ಹಿಡಿದರೆ ಹದಿಮೂರೇ ಬರುತ್ತದೆ. ಪಟ್ಟಿ ಸುಳ್ಳು ಹೇಳುವುದಿಲ್ಲ, ಅದು ಅವರಿಗೂ ಗೊತ್ತು. ಉಳಿದ ಅರವತ್ತೆರಡರ ಹಿಂಬದಿಯಲ್ಲಿ ಪೆನ್ಸಿಲಿನ ತೀರ್ಪು ಬಿಟ್ಟರೆ ಮಿಕ್ಕದ್ದು ಖಾಲಿ ಇದ್ದುದರಿಂದ, ಕಾಗದ ದಂಡವಾಗಬಾರದೆಂದು, ಹಿಡಿಯಳತೆಗೆ ಕತ್ತರಿಸಿ ಗಿರಾಕಿಗಳ ಅಳತೆ ಬರೆದುಕೊಳ್ಳಲು ಇಟ್ಟುಕೊಂಡರು. ಕೋಟು ಹಾಗೇ ಇದೆ, ಕೆಂಪಂಗಿಯ ಮೇಲಿನ ನಿಷೇಧವೂ ಹಾಗೇ ಇದೆ, ಚಹಾ ಈಗಲೂ ವ್ಯತ್ಯಾಸವಾದರೆ ವಾಪಸು ಹೋಗುತ್ತದೆ. ಅಡುಗೆಮನೆಯ ಬಲ್ಬು ಸುಟ್ಟರೆ ಅಂಥದೇ ಹಳದಿ ಬಲ್ಬು ಸಿಗುವವರೆಗೆ ನಾಲ್ಕು ಅಂಗಡಿ ಸುತ್ತುವುದು ಹೊಸ ಅಭ್ಯಾಸ.

ಇಂಥವರು ಎಲ್ಲ ಕಸುಬಿನಲ್ಲೂ ಇದ್ದಾರೆ. ತೂಕದಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾದರೆ ನಿದ್ದೆಗೆಡುವವರು, ಹೊಲಿಗೆ ವಾರೆಯಾದರೆ ಇಡೀ ಉಡುಪನ್ನು ಬಿಚ್ಚುವವರು. ಅವರಿಂದಲೇ ಲೋಕದ ಕೆಲಸ ಅಷ್ಟಿಷ್ಟು ನೆಟ್ಟಗೆ ನಡೆಯುತ್ತದೆ. ಪರರ ವಿಷಯದಲ್ಲಿ ಅವರು ಬೆಳಕು, ಗೋಡೆ, ನೋಡುವ ಕಣ್ಣು ಎಲ್ಲವನ್ನೂ ಎಣಿಕೆಗೆ ತಂದು ಉದಾರವಾಗಿ ಒಂದು ಮೆಟ್ಟಿಲು ಸಡಿಲಿಸುತ್ತಾರೆ. ತಮ್ಮವರ ವಿಷಯಕ್ಕೆ ಬಂದಾಗ ಆ ಒಂದು ಮೆಟ್ಟಿಲು ಅವರಿಗೆ ದ್ರೋಹವಾಗಿ ಕಾಣುತ್ತದೆ. ಪ್ರೀತಿ ಹೆಚ್ಚಿದಷ್ಟೂ ಕೊಡುವ ಕೈ ಹಿಂದೆ ಸರಿಯುತ್ತದೆ, ಇನ್ನೂ ಸರಿಯಾಗಿಲ್ಲ ಎನ್ನುತ್ತ. ಅವರನ್ನು ಬದಲಾಯಿಸಲಾಗದು, ಬದಲಾಯಿಸಲೂಬಾರದು. ಅವರ ಮನೆಯಲ್ಲಿ ಯಾರಾದರೊಬ್ಬರು ಅವರನ್ನು ಕೇಳದೆ ಮೊಳೆ ಹೊಡೆಯಬೇಕು, ಅಷ್ಟೆ.